ಅಜ್ಜನ ಶಾಯಿ ಪೆನ್ನು ಎರಡು ಸಾಲಿಗೇ ನಿಲ್ಲುತ್ತದೆ, ನಿಬ್ಬು ಉಜ್ಜಿಸಬೇಕೇ?

ಪ್ರಶ್ನೆ: ನಾನು ಶಿರಸಿಯವಳು, ಬ್ಯಾಂಕ್ ಉದ್ಯೋಗಿ. ನನ್ನ ಅಜ್ಜ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರ ಶಾಯಿ ಪೆನ್ನು ಕಳೆದ ವರ್ಷ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಿಂದೆ ಅಚ್ಚ ಕಪ್ಪಾಗಿತ್ತಂತೆ, ಈಗ ಕಂದು ಬಣ್ಣಕ್ಕೆ ತಿರುಗಿದೆ. ಒಳಗೆ ರಬ್ಬರ್ ನಳಿಗೆ ಏನೂ ಇಲ್ಲ. ಫಿಲ್ಲರಿನಿಂದ ಶಾಯಿಯನ್ನು ನೇರವಾಗಿ ಪೆನ್ನಿನ ಕೊಳವೆಗೇ ತುಂಬಬೇಕು. ನಿಬ್ಬಿನ ಮೇಲೆ 14 ಕ್ಯಾರೆಟ್ ಎಂದಿದೆ. ಮೊಬೈಲನ್ನು ಬದಿಗಿಟ್ಟು ದಿನಕ್ಕೆ ಒಂದು ಗಂಟೆಯಾದರೂ ಕೈಯಿಂದ ಬರೆಯಬೇಕೆಂಬ ಆಸೆಯಿಂದ ಶಾಯಿ ತುಂಬಿಸಿ ಕುಳಿತೆ. ಎರಡು ಸಾಲು ಬರೆಯುವಷ್ಟರಲ್ಲಿ ನಿಲ್ಲುತ್ತದೆ. ಕೊಡವಿದರೆ ದೊಡ್ಡ ಹನಿ ಬೀಳುತ್ತದೆ. ಕಾಗದವನ್ನು ಕೆರೆದಂತೆ ಸದ್ದಾಗುತ್ತದೆ. ಬರೆದದ್ದು ಪುಟದ ಹಿಂಬದಿಗೂ ಇಳಿಯುತ್ತದೆ. ‘ಒಬ್ಬರ ಕೈಗೆ ಪಳಗಿದ ನಿಬ್ಬು ಇನ್ನೊಬ್ಬರಿಗೆ ಬರೆಯುವುದಿಲ್ಲ’ ಎನ್ನುತ್ತಾರೆ ಅಪ್ಪ. ಬಿಸಿನೀರಿನಲ್ಲಿ ಅದ್ದಿಡು ಎಂದರು ಸಹೋದ್ಯೋಗಿ. ಪೆನ್ನಿನ ಅಂಗಡಿಯವರು ನಿಬ್ಬನ್ನು ಉಜ್ಜಿ ನುಣುಪು ಮಾಡಿಕೊಡುತ್ತೇನೆ ಎಂದಿದ್ದಾರೆ. ಕೊಡಲೇ? ಅಥವಾ ಇದನ್ನು ನೆನಪಿಗೆ ಇಟ್ಟುಕೊಂಡು ಬೇರೆ ಪೆನ್ನನ್ನೋ ಹಳೆಯ ಬೆರಳಚ್ಚು ಯಂತ್ರವನ್ನೋ ಕೊಳ್ಳಲೇ?

ಉತ್ತರ: ನಿಬ್ಬನ್ನು ಉಜ್ಜಲು ಸದ್ಯಕ್ಕೆ ಯಾರಿಗೂ ಕೊಡಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಹೇಳುತ್ತೇನೆ. ಈ ಒಂದು ಮಾತನ್ನು ಮಾತ್ರ ಮೊದಲೇ ಹೇಳಬೇಕಾಯಿತು. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ನೀವು ಬರೆದದ್ದರಲ್ಲಿ ನಾಲ್ಕು ತೊಂದರೆಗಳಿವೆ: ನಿಲ್ಲುವುದು, ಹನಿ ಬೀಳುವುದು, ಕೆರೆಯುವುದು, ಹಿಂಬದಿಗೆ ಇಳಿಯುವುದು. ನಾಲ್ಕಕ್ಕೂ ಒಂದೇ ಕಾರಣವಿರಬಹುದು, ಪೆನ್ನು ಮುದಿಯಾಗಿದೆ ಎಂಬ ಅನುಮಾನ ನಿಮ್ಮದು. ನನ್ನ ಮೇಜಿಗೆ ಬರುವ ಹಳೆಯ ಪೆನ್ನುಗಳ ಅನುಭವದಿಂದ ಹೇಳುವುದಾದರೆ ಇವಕ್ಕೆ ಬೇರೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದು ಪೆನ್ನಿಗೆ ಸಂಬಂಧಿಸಿದ್ದೇ ಅಲ್ಲ.

ಮೊದಲು ನಿಲ್ಲುವ ವಿಚಾರ. ತುಂಬಿದ ಎಣ್ಣೆ ಡಬ್ಬಕ್ಕೆ ಒಂದೇ ಸಣ್ಣ ತೂತು ಹಾಕಿ ಬಗ್ಗಿಸಿ ನೋಡಿ. ಸ್ವಲ್ಪ ಸುರಿದು ನಿಂತುಬಿಡುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹಾಕಿದರೆ ಗಾಳಿ ಒಳಹೋಗಿ ಎಣ್ಣೆ ಧಾರೆಯಾಗಿ ಬರುತ್ತದೆ. ಶಾಯಿ ಪೆನ್ನಿನ ಕಷ್ಟವೂ ಇದೇ: ಶಾಯಿ ಕೆಳಗಿಳಿಯಬೇಕಾದರೆ ಅಷ್ಟೇ ಗಾಳಿ ಮೇಲೇರಬೇಕು, ಎರಡಕ್ಕೂ ಇರುವುದು ನಿಬ್ಬಿನ ಕಡೆಯ ಒಂದೇ ದಾರಿ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಕಗ್ಗಂಟನ್ನು ಬಿಡಿಸಿದ್ದಕ್ಕೆ. ನಿಬ್ಬಿನ ಕೆಳಗೆ ಅಂಟಿಕೊಂಡಂತಿರುವ ಕಪ್ಪು ಕಡ್ಡಿಯನ್ನು ನೋಡಿ, ಅಂಗಡಿಯವರು ಅದನ್ನು ಫೀಡ್ ಎನ್ನುತ್ತಾರೆ. ಅದರ ಬೆನ್ನಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಆ ಗೀರುಗಳು ಶಾಯಿಯನ್ನು ಎಳೆದುಕೊಂಡು ನಿಬ್ಬಿನ ಸೀಳಿಗೆ ಕೊಡುತ್ತವೆ, ಪಕ್ಕದ ಕಾಲುವೆಯಿಂದ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೇರುತ್ತದೆ.

ಅಟ್ಟದ ಮೇಲೆ ಹತ್ತಾರು ವರ್ಷ ಕಳೆದ ಪೆನ್ನಿನಲ್ಲಿ ಅಜ್ಜ ಕೊನೆಯ ಬಾರಿ ತುಂಬಿದ ಶಾಯಿ ಹಾಗೆಯೇ ಒಣಗಿ ಆ ಗೀರುಗಳಲ್ಲಿ ಗಟ್ಟಿ ಕೂತಿರುತ್ತದೆ. ಗಾಳಿಗೆ ದಾರಿಯಿಲ್ಲ. ಫೀಡಿನಲ್ಲಿ ಇದ್ದಷ್ಟು ಶಾಯಿ ಎರಡು ಸಾಲಿಗೆ ಸಾಕಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನೀವು ಕೊಡವಿದಾಗ ಗಾಳಿ ಒಮ್ಮೆಲೇ ನುಗ್ಗಿ, ಅಷ್ಟೇ ಶಾಯಿ ದೊಡ್ಡ ಹನಿಯಾಗಿ ಬೀಳುತ್ತದೆ. ನಿಮ್ಮ ವರ್ಣನೆ ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಮಾಸ್ತರರು ಬ್ಲೂ-ಬ್ಲ್ಯಾಕ್ ಬಳಸುತ್ತಿದ್ದರೆ ಗಂಟು ಇನ್ನೂ ಬಿಗಿ. ಹಳೆಯ ಕಾಲದ ಎಷ್ಟೋ ಬ್ಲೂ-ಬ್ಲ್ಯಾಕ್ ಶಾಯಿಗಳಲ್ಲಿ ಕಬ್ಬಿಣದ ಲವಣವೂ ಟ್ಯಾನಿನ್ ಆಮ್ಲವೂ ಇರುತ್ತಿದ್ದವು. ಕಾಗದದ ಮೇಲೆ ಗಾಳಿಗೆ ಕಪ್ಪಾಗಿ ಊರಿಕೊಳ್ಳುವ ಆ ಗುಣವೇ ಪೆನ್ನಿನೊಳಗೆ ಒಣಗಿದಾಗ ಬೇಗ ಕರಗದ ಮಡ್ಡಿಯಾಗುತ್ತದೆ.

ಇದಕ್ಕೆ ಮದ್ದು ತಣ್ಣೀರು ಮತ್ತು ತಾಳ್ಮೆ. ಕೊಳವೆಯನ್ನು ತಿರುಗಿಸಿ ಬೇರ್ಪಡಿಸಿ, ಶಾಯಿ ಚೆಲ್ಲಿಬಿಡಿ. ಒಂದು ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ ನಿಬ್ಬು ಮುಳುಗುವಷ್ಟು ಮಾತ್ರ ತಣ್ಣೀರು ಹಾಕಿ, ನಿಬ್ಬಿರುವ ಭಾಗವನ್ನು ಕೆಳಮುಖವಾಗಿ ನಿಲ್ಲಿಸಿ. ಬಿಳಿ ಬಟ್ಟಲು ಎಂದು ಸುಮ್ಮನೆ ಹೇಳಲಿಲ್ಲ. ಐದು ನಿಮಿಷ ಕಳೆದ ಮೇಲೆ ಬಗ್ಗಿ ನೋಡಿದರೆ ನಿಬ್ಬಿನ ಸೀಳಿನಿಂದ ನೀಲಿಯ ಒಂದೇ ಒಂದು ಎಳೆ ಊದುಬತ್ತಿಯ ಹೊಗೆ ತಲೆಕೆಳಗಾದಂತೆ ಇಳಿದು, ಬಟ್ಟಲಿನ ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತಿರುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದರೂ ಅದನ್ನು ನೋಡುತ್ತ ನಿಲ್ಲುವುದನ್ನು ನಾನು ಬಿಟ್ಟಿಲ್ಲ. ಎಂದೋ ಬರೆಯದೇ ಉಳಿದ ಶಾಯಿ ಅದು. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿ, ರಾತ್ರಿ ಹೊರತೆಗೆದು ಒರೆಸಿ ಒಣಗಲು ಬಿಡಿ, ಮರುದಿನ ಮತ್ತೆ ಇಡಿ. ಎರಡನೆಯ ದಿನ ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜಿನಿಂದ ಹಿಂಬದಿಯಿಂದ ಮೆಲ್ಲಗೆ ನೀರು ಹಾಯಿಸಿ. ನೀರು ತಿಳಿಯಾಗಿಯೇ ಬರುವವರೆಗೆ, ಅಂದರೆ ಮೂರು ದಿನವೋ ಒಂದು ವಾರವೋ, ಇದೇ ಕೆಲಸ. ಬಣ್ಣ ಬಿಡುವುದು ನಿಂತೇ ಇಲ್ಲವೆಂದರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಹಾಕಿ ಅದರಿಂದ ತೊಳೆದು, ಆಮೇಲೆ ಬರೀ ನೀರಿನಿಂದ ಚೆನ್ನಾಗಿ ಜಾಲಿಸಿ. ಸ್ಪಿರಿಟ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಯಾವುದೂ ಹತ್ತಿರ ಬರಬಾರದು. ಇಕ್ಕಳದಿಂದ ನಿಬ್ಬು ಕೀಳಲು ಹೋಗಬೇಡಿ. ಚಿನ್ನದ ನಿಬ್ಬು ತಗಡಿನಷ್ಟು ತೆಳು, ಇಕ್ಕಳದ ಹಲ್ಲಿಗೆ ಮಡಚಿಕೊಳ್ಳುತ್ತದೆ.

ಬಿಸಿನೀರು ಏಕೆ ಬೇಡ? ನೀವು ಹೇಳಿದ ಕಂದು ಬಣ್ಣದಿಂದಲೇ ನಿಮ್ಮ ಪೆನ್ನು ಎಬೊನೈಟಿನದು ಎಂದು ಊಹಿಸಬಹುದು. ಖಾತ್ರಿ ಬೇಕೆಂದರೆ ಮುಚ್ಚಳವನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ, ಗಂಧಕದ ವಾಸನೆ ಬರುತ್ತದೆ. ರಬ್ಬರಿಗೆ ಹೇರಳವಾಗಿ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ವಸ್ತು ಅದು. ದಕ್ಷಿಣ ಭಾರತದಲ್ಲಿ ಕೈಯಿಂದ ಕಡೆದು ಮಾಡುತ್ತಿದ್ದ ಪೆನ್ನುಗಳಿಗೆ ಅದೇ ಬೇಕಾಗುತ್ತಿತ್ತು. ಸ್ವದೇಶಿ ಪೆನ್ನು ಮಾಡಿ 1935ರಲ್ಲಿ ಗಾಂಧೀಜಿಯವರಿಂದ ಮೆಚ್ಚುಗೆಯ ಪತ್ರ ಪಡೆದ ರಾಜಮಂಡ್ರಿಯ ರತ್ನಂ ಅವರ ಹೆಸರನ್ನು ನೀವು ಕೇಳಿರಬಹುದು. ಅಲ್ಲಿ ಇಂದಿಗೂ ಎಬೊನೈಟ್ ಪೆನ್ನುಗಳನ್ನು ಕಡೆಯುತ್ತಾರೆ. ಈ ವಸ್ತುವಿಗೆ ಬೆಳಕೂ ತೇವವೂ ಆಗುವುದಿಲ್ಲ, ಮೇಲ್ಪದರದ ಗಂಧಕ ಬದಲಾಗಿ ಕಪ್ಪು ಕಂದಾಗುತ್ತದೆ. ಬಿಸಿನೀರು ವರ್ಷಗಳ ಆ ಕೆಲಸವನ್ನು ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ಹಿರಿಯರ ಪೆನ್ನನ್ನು ನಾನು ಹೀಗೆ ಬಿಸಿನೀರಿಗೆ ಹಾಕಿದೆ. ಹೊರತೆಗೆದಾಗ ಅದು ಒಣಗಿದ ಸಗಣಿಯ ಬಣ್ಣಕ್ಕೆ ತಿರುಗಿತ್ತು. ಅವರು ಏನೂ ಅನ್ನದೆ ಅದನ್ನು ಜೇಬಿಗೆ ಹಾಕಿಕೊಂಡು ಹೋದರು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗೆಂದು ನಿಮ್ಮ ಸಹೋದ್ಯೋಗಿ ಹೇಳಿದ್ದು ಪೂರ್ತಿ ಕಟ್ಟುಕತೆಯೂ ಅಲ್ಲ. ಎಬೊನೈಟಿನ ಫೀಡ್ ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ. ಫೀಡಿಗೂ ನಿಬ್ಬಿಗೂ ನಡುವೆ ಸಂದು ಬಿದ್ದಾಗ ರಿಪೇರಿಯವರು ಆ ತುದಿಯನ್ನಷ್ಟೇ ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ, ನಿಬ್ಬಿಗೆ ಒತ್ತಿ ಕೂರಿಸುತ್ತಾರೆ. ಆ ಉಪಾಯ ಬಾಯಿಂದ ಬಾಯಿಗೆ ಹೋಗುತ್ತ ಇಡೀ ಪೆನ್ನನ್ನೇ ಮುಳುಗಿಸುವ ಸಲಹೆಯಾಗಿದೆ. ಅಂದಹಾಗೆ ಕಂದು ಬಣ್ಣವನ್ನು ತಿಕ್ಕಿ ಮತ್ತೆ ಕಪ್ಪು ಮಾಡಿಕೊಡುವವರೂ ಇದ್ದಾರೆ. ಮೇಲ್ಪದರವನ್ನೇ ಕೆರೆದು ತೆಗೆಯುವ ಕೆಲಸ ಅದು, ಕೊಳವೆಯ ಮೇಲೆ ಕೆತ್ತಿದ ಹೆಸರಿದ್ದರೆ ಅದೂ ಅಳಿಸಿಹೋಗುತ್ತದೆ. ನನ್ನ ಮನೆಯ ಪೆನ್ನಾಗಿದ್ದರೆ ಕಂದಾಗಿಯೇ ಇರಲಿ ಎನ್ನುತ್ತಿದ್ದೆ.

ಈಗ ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಪೆನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ನಿಬ್ಬು ಕೆಟ್ಟುಹೋಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಿದ್ದರು. ಪರೀಕ್ಷೆಯ ಹಾಲಿನಲ್ಲಿ ಗೆಳೆಯ ಪೆನ್ನು ಕೇಳಿದರೂ ಕೊಡದ ಹುಡುಗರು ನಮ್ಮ ತರಗತಿಯಲ್ಲೇ ಇದ್ದರು. ಈ ಮಾತಿನಲ್ಲಿ ಒಂದು ಸತ್ಯವಿದೆ, ಒಂದು ಅತಿಶಯವಿದೆ.

ಚಿನ್ನ ಮೆತ್ತಗಿನ ಲೋಹ, ಕಾಗದದ ಮೇಲೆ ಎಳೆದರೆ ಬೇಗ ಸವೆಯುತ್ತದೆ. ಆದ್ದರಿಂದ ನಿಬ್ಬಿನ ತುದಿಗೆ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಗಟ್ಟಿ ಲೋಹದ ಬೊಟ್ಟು ಬೆಸೆದಿರುತ್ತಾರೆ. ಇರಿಡಿಯಮ್ ಎಂದು ಕರೆಯುವುದು ರೂಢಿ, ಆದರೆ ಈಗಿನ ಬಹಳಷ್ಟು ನಿಬ್ಬುಗಳಲ್ಲಿ ಬೇರೆ ಗಟ್ಟಿ ಲೋಹಗಳ ಮಿಶ್ರಣವಿರುತ್ತದೆ. ಆ ಬೊಟ್ಟೂ ಸವೆಯುತ್ತದೆ, ಬಹಳ ನಿಧಾನವಾಗಿ. ಒಬ್ಬರು ಒಂದೇ ಓರೆಯಲ್ಲಿ ಹಿಡಿದು ವರ್ಷಗಟ್ಟಲೆ ಬರೆದರೆ ಉರುಟಾದ ಬೊಟ್ಟಿನ ಒಂದು ಬದಿಯಲ್ಲಿ ಚಪ್ಪಟೆ ಮುಖವೊಂದು ಮೂಡುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ದೀಪದ ಕೆಳಗೆ ಹಿಡಿದರೆ ಆ ಮುಖ ಕನ್ನಡಿಯ ಚೂರಿನಂತೆ ಫಳಕ್ಕನೆ ಹೊಳೆಯುತ್ತದೆ. ಅದು ಎಡಕ್ಕೋ ಬಲಕ್ಕೋ ಎಷ್ಟು ವಾಲಿದೆ ಎಂದು ನೋಡಿ, ಬರೆದವರು ಪೆನ್ನನ್ನು ಹೇಗೆ ಹಿಡಿಯುತ್ತಿದ್ದರೆಂದು ನಾನು ಬಹುಮಟ್ಟಿಗೆ ಹೇಳಬಲ್ಲೆ.

ನಿಮ್ಮ ನಿಬ್ಬು ಕೆರೆಯುವುದಕ್ಕೆ ಇದೇ ಕಾರಣವಾಗಿರಬಹುದು. ಅಜ್ಜ ಹಿಡಿದ ಓರೆಯಲ್ಲಿ ಹಿಡಿದರೆ ಚಪ್ಪಟೆ ಮುಖ ಕಾಗದಕ್ಕೆ ಪೂರ್ತಿ ತಾಗಿ ಬೆಣ್ಣೆಯ ಮೇಲೆ ಸರಿದಂತೆ ಬರೆಯುತ್ತದೆ. ನೀವು ಬೇರೆ ಓರೆಯಲ್ಲಿ ಹಿಡಿದಾಗ ಆ ಮುಖದ ಅಂಚು ತಾಗುತ್ತದೆ, ಕೆರೆಯುತ್ತದೆ. ತಂದೆಯವರ ಮಾತಿನ ಸತ್ಯ ಇಷ್ಟು. ಒಂದು ಸಹಿ ಹಾಕಲು ಪೆನ್ನು ಕೊಟ್ಟರೆ ನಿಬ್ಬು ಕೆಡುತ್ತದೆ ಎಂಬುದು ಅತಿಶಯ. ಅಷ್ಟಕ್ಕೆ ಯಾವ ಬೊಟ್ಟೂ ಸವೆಯುವುದಿಲ್ಲ. ಬಾಲ್ ಪೆನ್ನಿಗೆ ಒಗ್ಗಿದ ಕೈ ಒತ್ತಿ ಬರೆದು ನಿಬ್ಬಿನ ಎರಡು ಎಸಳುಗಳನ್ನು ಅಗಲಿಸುವ ಭಯ ಮಾತ್ರ ನಿಜವಾದದ್ದು. ಬಾಲ್ ಪೆನ್ನಿನ ಗುಂಡು ಉರುಳಲು ಒತ್ತಡ ಬೇಕು, ಅದಕ್ಕೇ ನಾವು ಪೆನ್ನನ್ನು ನೆಟ್ಟಗೆ ಹಿಡಿದು ಅಮುಕಿ ಬರೆಯುತ್ತೇವೆ. ಶಾಯಿ ಪೆನ್ನಿಗೆ ತನ್ನ ಭಾರವೇ ಸಾಕು. ಹೆಬ್ಬೆರಳಿನ ಬುಡಕ್ಕೆ ಒರಗಿಸಿ ಕಾಗದಕ್ಕೆ ಅರ್ಧ ಬಾಗಿದಂತೆ ಹಿಡಿದು ಎಳೆದರೆ ಸಾಕು.

ಆದ್ದರಿಂದ ತೊಳೆದು ಮುಗಿದ ಮೇಲೆ ಹೀಗೆ ಮಾಡಿ. ಮನೆಯಲ್ಲಿ ಅಜ್ಜನ ಕೈಬರಹದ ಕಾಗದ, ಲೆಕ್ಕದ ಪುಸ್ತಕ, ಏನಾದರೂ ಇದ್ದರೆ ಹುಡುಕಿ ತೆಗೆಯಿರಿ. ಅಕ್ಷರಗಳಲ್ಲಿ ಯಾವ ಗೆರೆ ದಪ್ಪ, ಯಾವುದು ಸಣ್ಣ ನೋಡಿ: ತಲಕಟ್ಟು ದಪ್ಪವೇ, ಇಳಿಗೆರೆ ದಪ್ಪವೇ? ನೀವು ಪೆನ್ನನ್ನು ಬೆರಳುಗಳ ನಡುವೆ ಎಳ್ಳಷ್ಟು ಎಳ್ಳಷ್ಟೇ ತಿರುಗಿಸುತ್ತ ‘ಅ’ ಬರೆಯುತ್ತ ಹೋಗಿ. ಒಂದು ಓರೆಯಲ್ಲಿ ಕೆರೆಯುವ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಗೆರೆಯೂ ಅವರ ಗೆರೆಯ ಹಾಗೆ ಬೀಳತೊಡಗುತ್ತದೆ. ಆ ಹಿಡಿತ ನಿಮಗೆ ಒಗ್ಗಿದರೆ ರಿಪೇರಿಯೇ ಬೇಡ.

ಒಗ್ಗದಿದ್ದರೆ? ಆಗ ಎರಡು ದಾರಿಗಳಿವೆ. ಕೆರೆತಕ್ಕೆ ಎಸಳುಗಳು ಮೇಲೆ ಕೆಳಗೆ ಆಗಿರುವುದೂ ಕಾರಣವಿರಬಹುದು. ಅದನ್ನು ಏನನ್ನೂ ಉಜ್ಜದೆ, ಬೆರಳಿನಿಂದ ಒತ್ತಿ ಸಮ ಮಾಡಬಹುದು, ಬೇಡವೆಂದರೆ ಮತ್ತೆ ಹಿಂದಿನಂತೆ ಮಾಡಬಹುದು. ಭೂತಗನ್ನಡಿ ಇಟ್ಟುಕೊಂಡು ಕೆಲಸ ಮಾಡುವವರ ಬಳಿ ಇದನ್ನು ಮಾಡಿಸಿ. ಇನ್ನೊಂದು ದಾರಿ, ಚಪ್ಪಟೆ ಮುಖದ ಅಂಚನ್ನು ಬಹಳ ನಯವಾದ ಪಾಲಿಶ್ ಹಾಳೆಯ ಮೇಲೆ ಒಂದಿಷ್ಟು ಮೊಂಡಾಗಿಸುವುದು. ಚೆನ್ನಾಗಿ ಮಾಡಿದರೆ ನಿಮ್ಮ ಕೈಗೆ ಹೊಂದುತ್ತದೆ, ಆದರೆ ಅಜ್ಜನ ಕೈ ಮೂಡಿಸಿದ ಆ ಮುಖ ಅಷ್ಟರಮಟ್ಟಿಗೆ ಹೋಗುತ್ತದೆ. ಕೆಟ್ಟದಾಗಿ ಮಾಡಿದರೆ ಬೊಟ್ಟು ಅತಿಯಾಗಿ ಉರುಟಾಗಿ, ಸೀಳಿನ ಬಾಯಿ ಕಾಗದಕ್ಕೆ ತಾಗದೆ, ನಿಬ್ಬು ನುಣ್ಣಗೆ ಜಾರುತ್ತದೆಯೇ ಹೊರತು ಮೊದಲ ಗೆರೆ ಮೂಡುವುದಿಲ್ಲ. ಗಾಜಿನ ಮೇಲೆ, ಬ್ಲೇಡಿನ ಮೇಲೆ, ಕೈಗೆ ಸಿಕ್ಕ ಮರಳುಕಾಗದದ ಮೇಲೆ ಉಜ್ಜಿದ ನಿಬ್ಬುಗಳು ಹೀಗಾಗಿ ನನ್ನ ಬಳಿ ಬರುತ್ತವೆ. ಕೆಲವಕ್ಕೆ ಬೊಟ್ಟೇ ಉಳಿದಿರುವುದಿಲ್ಲ. ಅಂಗಡಿಯವರು ಯಾವುದರ ಮೇಲೆ ಉಜ್ಜುತ್ತಾರೆ, ಉಜ್ಜುವ ಮೊದಲು ಭೂತಗನ್ನಡಿಯಲ್ಲಿ ನೋಡಿದರೇ ಎಂದು ಕೇಳಿ. ನೋಡದೆಯೇ ಉಜ್ಜುತ್ತೇನೆ ಎಂದವರಿಗೆ ಕೊಡಬೇಡಿ.

ಹನಿ ಬೀಳುವುದಕ್ಕೆ ಕೊಡವಿದ್ದಲ್ಲದೆ ಇನ್ನೊಂದು ಕಾರಣವೂ ಮುಂದೆ ಎದುರಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ನೇರವಾಗಿ ಕೊಳವೆಗೆ ತುಂಬುವ ಪೆನ್ನಿನಲ್ಲಿ ಶಾಯಿ ಕಾಲು ಭಾಗಕ್ಕೆ ಇಳಿದಾಗ ಉಳಿದ ಜಾಗವೆಲ್ಲ ಗಾಳಿ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರದಬ್ಬುತ್ತದೆ. ಅರ್ಧಕ್ಕೆ ಬಂದಾಗಲೇ ಮತ್ತೆ ತುಂಬುವ ಅಭ್ಯಾಸ ಮಾಡಿಕೊಂಡರೆ ಇದು ಬಹುಪಾಲು ನಿಲ್ಲುತ್ತದೆ. ಕರಾವಳಿಯಿಂದ ಘಟ್ಟ ಹತ್ತುವಾಗಲೂ ಹೀಗೇ: ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ತಗ್ಗುತ್ತದೆ, ಒಳಗಿನದು ಹಿಗ್ಗುತ್ತದೆ. ಪ್ರಯಾಣದಲ್ಲಿ ನಿಬ್ಬು ಮೇಲ್ಮುಖವಾಗಿ ಇರಲಿ, ಪೆನ್ನು ಪೂರ್ತಿ ತುಂಬಿರಲಿ, ಇಲ್ಲವೇ ಪೂರ್ತಿ ಖಾಲಿಯಿರಲಿ. ಕೊಳವೆಯ ತಿರುಪಿನಲ್ಲಿ ಶಾಯಿ ಜಿನುಗಿ ಬೆರಳಿಗೆ ಅಂಟುತ್ತಿದ್ದರೆ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ಒಂದಿಷ್ಟು ಸವರಿ.

ಹಿಂಬದಿಗೆ ಇಳಿಯುವುದು ಪೆನ್ನಿನ ತಪ್ಪಲ್ಲ, ಕಾಗದದ್ದು. ಈಗಿನ ಅಗ್ಗದ ನೋಟುಪುಸ್ತಕಗಳು ಬಾಲ್ ಪೆನ್ನಿಗೆ ಸಾಕಾಗುವಂಥವು. ಶಾಯಿ ಹರಡದಂತೆ ಕಾಗದಕ್ಕೆ ಗಂಜಿಯಂಥ ಲೇಪ ಕೊಡುತ್ತಾರೆ. ಅದು ಕಡಿಮೆಯಾದರೆ ಕಾಗದ ದಪ್ಪವಿದ್ದರೂ ಶಾಯಿ ಬೇರು ಬಿಟ್ಟಂತೆ ಹಬ್ಬುತ್ತದೆ. ಆದ್ದರಿಂದ ಪುಸ್ತಕದ ಮೇಲೆ ಬರೆದಿರುವ, ಕಾಗದದ ತೂಕ ಹೇಳುವ ಜಿಎಸ್ಎಂ ಅಂಕಿಯನ್ನಷ್ಟೇ ನಂಬಬೇಡಿ, ಅಂಗಡಿಯಲ್ಲೇ ಕೊನೆಯ ಪುಟದಲ್ಲಿ ಒಂದು ಗೆರೆ ಎಳೆದು ನೋಡಿ. ನಿಮ್ಮ ಶಿರಸಿಯ ಮಳೆಗಾಲದಲ್ಲಿ ಒಳ್ಳೆಯ ಕಾಗದವೂ ತೇವ ಕುಡಿದು ಮೆತ್ತಗಾಗುತ್ತದೆ. ಪುಸ್ತಕವನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟುಕೊಳ್ಳಿ. ಶಾಯಿಯ ಬಾಟಲಿಯನ್ನೂ ಮಳೆಗಾಲದಲ್ಲಿ ಆಗಾಗ ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ, ಮೇಲೆ ಕೆನೆಯಂತೆ ಕಟ್ಟಿದ್ದರೆ, ಎಷ್ಟೇ ಉಳಿದಿದ್ದರೂ ಚೆಲ್ಲಿ.

ಶಾಯಿ ಯಾವುದು ಎಂದು ನೀವು ಕೇಳಿಲ್ಲ, ಆದರೂ ಕೇಳಬೇಕಾದ ಪ್ರಶ್ನೆ ಅದು. ಈ ಪೆನ್ನಿಗೆ ಸಾಧಾರಣ ನೀಲಿ ಶಾಯಿಯೇ ಸಾಕು, ನೀರಿನಿಂದ ಸುಲಭವಾಗಿ ತೊಳೆದುಹೋಗುತ್ತದೆ. ಚಿತ್ರ ಬರೆಯುವವರು ಬಳಸುವ ಇಂಡಿಯನ್ ಇಂಕ್ ಹಾಕಿದರೆ ಮಾತ್ರ ಪೆನ್ನು ಮುಗಿದಂತೆ. ಅದರಲ್ಲಿರುವ ಕಾಡಿಗೆಯೂ ಅರಗೂ ಒಳಗೆ ಒಣಗಿ ಕಲ್ಲಾಗುತ್ತವೆ. ‘ಅಳಿಸದ ಶಾಯಿ’ ಬೇಕೆಂದು ಕೆಲವರು ಮೈಸೂರಿನ ಬಣ್ಣದ ಕಾರ್ಖಾನೆಯ ಮತದಾನದ ಶಾಯಿಯ ಬಗ್ಗೆಯೇ ಕೇಳುತ್ತಾರೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್, ಚರ್ಮಕ್ಕೆ ಕಲೆ ಹಿಡಿಸಲೆಂದೇ ಮಾಡಿದ್ದು. ಪೆನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಬೇರೆ ಪೆನ್ನು ಕೊಳ್ಳುವ ವಿಚಾರ. ಕೊಳ್ಳಿ ಎಂದೇ ಹೇಳುತ್ತೇನೆ, ಅಜ್ಜನದನ್ನು ಪೆಟ್ಟಿಗೆಗೆ ಹಾಕುವುದಕ್ಕಲ್ಲ. ಬ್ಯಾಂಕಿಗೆ, ಪ್ರಯಾಣಕ್ಕೆ, ಕೈ ಪಳಗಿಸಿಕೊಳ್ಳುವುದಕ್ಕೆ ಉಕ್ಕಿನ ನಿಬ್ಬಿನ ಸಾಧಾರಣ ಪೆನ್ನೊಂದು ಇರಲಿ. ಕೊಳ್ಳುವಾಗ ಸಣ್ಣ ನಿಬ್ಬನ್ನೇ ಕೇಳಿ. ನಮ್ಮ ‘ಜ’, ‘ಣ’ಗಳ ಸುರುಳಿಗಳು, ಸಾಲಿನ ಕೆಳಗೆ ಕೂರುವ ಒತ್ತಕ್ಷರಗಳು ದಪ್ಪ ನಿಬ್ಬಿಗೆ ಮುಚ್ಚಿಹೋಗುತ್ತವೆ, ‘ಸ್ತ್ರ’ ಬರೆದು ನೋಡಿ, ಒಳಗೆ ಬಿಳಿ ಉಳಿದರೆ ನಿಬ್ಬು ನಿಮ್ಮ ಬರಹಕ್ಕೆ ಸರಿಯಿದೆ. ಜಪಾನಿ ಕಂಪನಿಗಳ ಸಣ್ಣ ನಿಬ್ಬು ಯುರೋಪಿನವರ ಸಣ್ಣ ನಿಬ್ಬಿಗಿಂತ ಸಾಮಾನ್ಯವಾಗಿ ಇನ್ನೂ ಸಣ್ಣ.

ಬೆರಳಚ್ಚು ಯಂತ್ರ ಬೇಡ. ಕೆ. ಅನಂತ ಸುಬ್ಬರಾಯರು ಕನ್ನಡದ ಕೀಲಿಮಣೆ ರೂಪಿಸಿದ್ದರಿಂದ ಕನ್ನಡಕ್ಕೂ ಆ ಯಂತ್ರ ಒಲಿಯಿತು, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಗೋದ್ರೆಜ್ ಯಂತ್ರಗಳ ತಯಾರಿ 2009ರಲ್ಲೇ ನಿಂತಿತು. ರಿಬ್ಬನ್ನಿಗೂ ಬಿಡಿಭಾಗಕ್ಕೂ ಅಲೆಯಬೇಕು, ಕನ್ನಡದ ಕೀಲಿಗಳನ್ನು ಕಲಿಯುವುದಕ್ಕೇ ತಿಂಗಳುಗಳು ಬೇಕು. ನಿಮಗೆ ಬೇಕಾಗಿರುವುದು ಒಂದು ಗಂಟೆಯ ಬರವಣಿಗೆ.

ಕೈಯಿಂದ ಬರೆದರೆ ಏಕಾಗ್ರತೆ ಬರುತ್ತದೆ ಎಂಬುದರ ಬಗ್ಗೆಯೂ ಒಂದು ಮಾತು. ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿಕೊಂಡವರಿಗಿಂತ ಕೈಯಿಂದ ಬರೆದುಕೊಂಡ ವಿದ್ಯಾರ್ಥಿಗಳು ವಿಷಯವನ್ನು ಚೆನ್ನಾಗಿ ಗ್ರಹಿಸಿದರು ಎಂಬ ಅಮೆರಿಕದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿ ಬಹಳ ಹೆಸರು ಮಾಡಿತು. 2019ರಲ್ಲಿ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಪೆನ್ನು ಬುದ್ಧಿ ಬೆಳೆಸುತ್ತದೆ ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿರುವುದು ಇಷ್ಟು: ಪೆನ್ನಿಗೆ ಕರೆ ಬರುವುದಿಲ್ಲ, ಮುಚ್ಚಳ ತೆರೆದಿಟ್ಟು ಬೇರೆಲ್ಲೋ ನೋಡುತ್ತ ಕುಳಿತರೆ ನಿಬ್ಬು ಒಣಗುತ್ತದೆ, ಬರೆಯಬೇಕು ಇಲ್ಲವೇ ಮುಚ್ಚಬೇಕು. ಮೊಬೈಲನ್ನು ಮಾತ್ರ ಬೇರೆ ಕೋಣೆಯಲ್ಲೇ ಇಡಿ. ಅದು ಮೇಜಿನ ಮೇಲೆ ಬೋರಲಾಗಿ ಬಿದ್ದಿದ್ದರೂ ಕೈ ಅತ್ತ ಹೋಗುತ್ತದೆ, ಅಜ್ಜನ ಪೆನ್ನು ಅದನ್ನು ತಡೆಯಲಾರದು.

ಒಂದು ವಾರ ತೊಳೆದ ಮೇಲೂ ನಿಬ್ಬು ನಿಲ್ಲುತ್ತಿದ್ದರೆ ಪೆನ್ನನ್ನು ಕಳಿಸುವ ಮೊದಲು ಅದರಿಂದ ಬರೆದ ಒಂದು ಪುಟವನ್ನೂ ಅಜ್ಜನ ಕೈಬರಹದ ಒಂದು ಪುಟದ ಚಿತ್ರವನ್ನೂ ನನಗೆ ಕಳಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಬ್ಬನ್ನು ಮುಟ್ಟಬೇಕೇ ಬೇಡವೇ ಎಂದು ಹೇಳುತ್ತೇನೆ.